ಕರೆಂಟ್ ಹೋಯ್ತು ಅಂತೀವಿ, ಕರೆಂಟ್ ಎಷ್ಟು ಅಂತ ಕೇಳಲ್ಲ

ಹಾಸ್ಟೆಲ್‌ನಲ್ಲಿ ರಾತ್ರಿ ದೀಪ ಆರಿದ ತಕ್ಷಣ ಎಲ್ಲ ರೂಮಿಂದಲೂ ಒಂದೇ ಕೂಗು: "ಕರೆಂಟ್ ಹೋಯ್ತು!" ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂದಾಗ ಅದಕ್ಕಿಂತ ದೊಡ್ಡ ಕೂಗು: "ಕರೆಂಟ್ ಬಂತು!" ನಮ್ಮ ಮನೆಗಳಲ್ಲೂ ಹಾಗೇ. ಕರೆಂಟ್ ಬಿಲ್ ಕಟ್ತಾರೆ, ಕರೆಂಟ್ ಕಂಬದ ಹತ್ರ ಆಡಬೇಡ ಅಂತಾರೆ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ್ರೆ ಕರೆಂಟ್ ಹೊಡೆಯುತ್ತೆ ಅಂತ ಬೈತಾರೆ. ವಿದ್ಯುತ್ತಿನ ಇಡೀ ಸಂಸಾರಕ್ಕೆ ನಮ್ಮ ಮಾತಿನಲ್ಲಿ ಇರೋದು ಇದೊಂದೇ ಹೆಸರು.

ಆಮೇಲೆ ನಾವು ಇಂಜಿನಿಯರಿಂಗ್ ಸೇರಿದ್ವಿ. ಲ್ಯಾಬಿನ ಬೆಂಚಿನ ಮುಂದೆ ಕೂತ ದಿನದಿಂದ ಆ ಪದ ನಮ್ಮ ಬಾಯಿಂದ ಮಾಯ ಆಯ್ತು. "ಎಷ್ಟು ವೋಲ್ಟ್ ಕೊಡ್ಬೇಕು?" "5 ಹಾಕು ಮಗಾ." "ಇದು 12ರಲ್ಲಿ ನಡೆಯುತ್ತಾ?" ನಾವು ಒಬ್ಬರನ್ನೊಬ್ಬರು ಕೇಳೋದೆಲ್ಲ ವೋಲ್ಟೇಜ್ ಬಗ್ಗೆ. ಎಷ್ಟು ಕರೆಂಟ್ ಹರೀತಿದೆ, ಎಷ್ಟು ಹರಿಯಬೇಕು, ಅಷ್ಟೇ ಯಾಕೆ? ಈ ಮೂರು ಪ್ರಶ್ನೆಯನ್ನು ಇಲ್ಲಿಯವರೆಗಿನ ಸೆಮಿಸ್ಟರ್‌ಗಳಲ್ಲಿ ಎಷ್ಟು ಸಲ ಕೇಳಿದ್ದೀರಿ ಅಂತ ನೀವೇ ಎಣಿಸಿ ನೋಡಿ.

ನಾವು ಹೇಳಬೇಕು ಅಂತಿರೋದು ಇಷ್ಟೇ. ಒಂದು ಎಲ್‌ಇಡಿಗೆ ಎಷ್ಟು ಕರೆಂಟ್ ಕೊಡಬೇಕು ಅನ್ನೋದು ಸೂತ್ರಕ್ಕೆ ಹಾಕಿ ತೆಗೆಯೋ ಉತ್ತರ ಅಲ್ಲ, ನಾವು ತಗೋಬೇಕಾದ ನಿರ್ಧಾರ. ನಮ್ಮ ಲ್ಯಾಬ್‌ಗಳು ಆ ನಿರ್ಧಾರವನ್ನು ನಮ್ಮ ಕೈಗೆ ಕೊಡ್ತಾನೇ ಇಲ್ಲ. ಕೊಡಬೇಕು. ಇಷ್ಟು ಜೋರಾಗಿ ಯಾಕೆ ಹೇಳ್ತಿದ್ದೀವಿ ಅಂದ್ರೆ, ಅದು ಗೊತ್ತಿಲ್ಲದೆ ನಾವು ಒಂದು ಹಾಡನ್ನು ಹಾಳು ಮಾಡಿಕೊಂಡಿದ್ದೀವಿ.

ಆ ಸಂಜೆ ಆಗಿದ್ದು

ರಾಜ್ಯೋತ್ಸವಕ್ಕೆ ಕ್ಲಬ್‌ನಿಂದ ಒಂದು ವಿಡಿಯೋ ಮಾಡೋಣ ಅಂತ ದಸರಾ ರಜೆಯಲ್ಲಿ ನಾವು ನಾಲ್ಕು ಜನ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಸೋಬಾನೆ ಪದ ಹಾಡ್ತಾರೆ. ಸುತ್ತಮುತ್ತಲ ಊರಿನ ಮದುವೆಗಳಿಗೆಲ್ಲ ಹಾಡಿದವರು. ಅವರ ಹಾಡು ಎಲ್ಲೂ ಬರೆದಿಟ್ಟಿಲ್ಲ, ಎಲ್ಲ ಬಾಯಲ್ಲೇ ಇರೋದು.

ಕ್ಯಾಮೆರಾ ಅಂದ್ರೆ ಫೋನೇ. ಲೈಟ್ ಮಾತ್ರ ನಾವೇ ಮಾಡಿದ್ದು, ಅದರ ಬಗ್ಗೆ ಸಿಕ್ಕಾಪಟ್ಟೆ ಜಂಬ ಇತ್ತು. ಒಂದು ಅಲ್ಯೂಮಿನಿಯಂ ತಟ್ಟೆ ಮೇಲೆ 1 ವಾಟ್‌ನ ಆರು ಬಿಳಿ ಎಲ್‌ಇಡಿ. ಮೂರು ಮೂರರ ಎರಡು ಸಾಲು, ಪ್ರತಿ ಸಾಲಿಗೆ ಒಂದು 6.8 ಓಮ್ ರೆಸಿಸ್ಟರ್, ಕೆಳಗೆ ಒಂದು ಮಾಸ್‌ಫೆಟ್, ಅದನ್ನು ಆಡಿಸೋಕೆ ಆರ್ಡುಯಿನೋ ಊನೋ, ಬೆಳಕು ಹೆಚ್ಚು ಕಮ್ಮಿ ಮಾಡೋಕೆ ಒಂದು ನಾಬ್. ಹಳೇ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯನ್ನು ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿಟ್ಟಿದ್ವಿ. ಒಳ್ಳೇದೇ ಆಯ್ತು, ಆ ಸಂಜೆ ಊರಲ್ಲಿ ಕರೆಂಟ್ ಇರಲಿಲ್ಲ.

ಅಜ್ಜಿಯನ್ನು ಜಗಲಿ ಮೇಲೆ ಕೂರಿಸಿ ಲೈಟ್ ಹಾಕಿದ್ವಿ. ಫೋನಲ್ಲಿ ನೋಡಿದ್ರೆ ಮುಖ ಚೆನ್ನಾಗಿ ಕಾಣ್ತಿತ್ತು, ಒಂದು ಕಲೆ ಇಲ್ಲ. ಆದ್ರೆ ಅಜ್ಜಿ ಕೈ ಅಡ್ಡ ಹಿಡಿದ್ರು. "ಏನ್ರಪ್ಪಾ ಇದು, ಸೂರ್ಯನ್ನೇ ತಂದು ಮುಂದ್ಗಡೆ ಇಟ್ಬುಟ್ರಲ್ಲ. ಕಣ್ ಬಿಡಕ್ಕಾಯ್ತಿಲ್ಲ" ಅಂದ್ರು. ಸರಿ ಅಂತ ನಾಬ್ ತಿರುಗಿಸಿ ಬೆಳಕನ್ನು 40 ಶೇಕಡಾಕ್ಕೆ ಇಳಿಸಿದ್ವಿ. ತಾಳ ಹಾಕುವ ಕೈ ಮಸುಕಾಗಬಾರದು ಅಂತ ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ ಅನ್ನು 1/200ಕ್ಕೆ ಲಾಕ್ ಮಾಡಿದ್ವಿ. ಅಜ್ಜಿ ಹಾಡೋಕೆ ಶುರು ಮಾಡಿದ್ರು. ಅದು ಅವರ ಮದುವೆಯಲ್ಲೇ ಅವರ ಸೋದರತ್ತೆ ಹಾಡಿದ್ದ ಹಾಡಂತೆ. ನಾವು ಯಾರೂ ಫೋನಿನ ಕಡೆ ತಿರುಗಿ ನೋಡಲಿಲ್ಲ, ಅಜ್ಜಿ ಮುಖವನ್ನೇ ನೋಡ್ತಾ ಕೂತಿದ್ವಿ.

ಹಾಸ್ಟೆಲ್‌ಗೆ ವಾಪಸ್ ಬಂದು ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ಗೊತ್ತಾಯ್ತು. ಅಜ್ಜಿಯ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ. ಒಂದೆರಡಲ್ಲ, ಹಣೆಯಿಂದ ಸೀರೆ ಸೆರಗಿನವರೆಗೆ, ಕಿಟಕಿ ಸರಳಿನ ಹಿಂದೆ ಕೂರಿಸಿದ ಹಾಗೆ. ಅದೂ ನಿಂತ ಕಡೆ ನಿಲ್ಲದೆ ತೇಲ್ತಾ ಇತ್ತು. ಹನ್ನೊಂದು ನಿಮಿಷ ಪೂರ್ತಿ ಹೀಗೇ. ಧ್ವನಿ ಉಳಿದಿದೆ, ಮುಖ ಇಲ್ಲ.

ನಾವು ಎಲ್ಲಿ ತಪ್ಪಿದ್ವಿ

ತಪ್ಪು ಒಂದಲ್ಲ, ಮೂರು. ಮೂರಕ್ಕೂ ಬೇರು ಒಂದೇ.

ಮೊದಲನೇದು ರೆಸಿಸ್ಟರ್. ಲ್ಯಾಬಿನಲ್ಲಿ ಕಲಿತಿದ್ದೇ ಹಾಗೆ: ಸಪ್ಲೈ ವೋಲ್ಟೇಜಿಂದ ಎಲ್‌ಇಡಿ ವೋಲ್ಟೇಜ್ ಕಳೆ, ಬೇಕಾದ ಕರೆಂಟಿಂದ ಭಾಗಿಸು. ಕೆಂಪು ಎಲ್‌ಇಡಿಗೆ 2 ವೋಲ್ಟ್, ಸಪ್ಲೈ 5 ವೋಲ್ಟ್, ರೆಸಿಸ್ಟರ್ 330 ಓಮ್, ಕರೆಂಟ್ 9 ಮಿಲಿಆಂಪ್, ರೆಕಾರ್ಡ್‌ಗೆ ಸಹಿ. ನಾವು ಅದನ್ನೇ ದೊಡ್ಡದು ಮಾಡಿದ್ವಿ. ಮೂರು ಬಿಳಿ ಎಲ್‌ಇಡಿ ಸೇರಿ ಸುಮಾರು 9.6 ವೋಲ್ಟ್. 12ರಲ್ಲಿ ಅದನ್ನು ಕಳೆದ್ರೆ 2.4. ಅದನ್ನು 6.8ರಿಂದ ಭಾಗಿಸಿದ್ರೆ 350 ಮಿಲಿಆಂಪ್. ಲೆಕ್ಕ ಸರಿ. ಆದ್ರೆ ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯಲ್ಲಿ 12 ಇರಲ್ಲ, 12.7ರ ಹತ್ರ ಇರುತ್ತೆ. ಈಗ ಕಳೆದ್ರೆ 3.1, ಭಾಗಿಸಿದ್ರೆ 456. ಕರೆಂಟ್ ಏರಿದಾಗ ಎಲ್‌ಇಡಿಯ ವೋಲ್ಟೇಜೂ ಒಂಚೂರು ಏರುತ್ತೆ, ಹಾಗಾಗಿ 456 ಮುಟ್ಟಿರಲ್ಲ, ಆದ್ರೆ 400 ಅಂತೂ ದಾಟಿರಬೇಕು. ಬ್ಯಾಟರಿ ಇಳೀತಾ 11.8ಕ್ಕೆ ಬಂದ್ರೆ ಅದೇ ಸರ್ಕ್ಯೂಟ್ 324 ಅನ್ನುತ್ತೆ. ಅಂದ್ರೆ ನಾವು ಕರೆಂಟ್ ಸೆಟ್ ಮಾಡಿರಲೇ ಇಲ್ಲ. ಬ್ಯಾಟರಿ ಮಾಡ್ತಿತ್ತು. ಅಜ್ಜಿ ಸೂರ್ಯ ಅಂದಿದ್ದು ಬರೀ ಮಾತಿಗೆ ಅಲ್ಲ, ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬೆಳಕು ಅವರ ಕಣ್ಣಿಗೆ ಹೋಗ್ತಿತ್ತು.

ಬಿಸಿಯಾದ್ರೆ ಇನ್ನೂ ಒಂದು ಕಥೆ. ಎಲ್‌ಇಡಿ ಬಿಸಿಯಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತೆ, ಪ್ರತಿ ಡಿಗ್ರಿಗೆ ಕೆಲವು ಮಿಲಿವೋಲ್ಟ್. ವೋಲ್ಟೇಜ್ ಇಳಿದ್ರೆ ರೆಸಿಸ್ಟರ್ ಪಾಲಿಗೆ ಹೆಚ್ಚು ಉಳಿಯುತ್ತೆ, ಕರೆಂಟ್ ಏರುತ್ತೆ, ಇನ್ನೂ ಬಿಸಿಯಾಗುತ್ತೆ. ಮೂರು ಎಲ್‌ಇಡಿ ಸೇರಿ 0.3 ವೋಲ್ಟ್ ಇಳಿದ್ರೂ ನಮ್ಮ ಸರ್ಕ್ಯೂಟಿನಲ್ಲಿ 40 ಮಿಲಿಆಂಪ್ ಜಾಸ್ತಿ ಆಗುತ್ತೆ.

ಎರಡನೇದು ನಾಬ್. ಇದೇ ಪಟ್ಟಿಗೆ ಕಾರಣ. ನಾಬ್ ತಿರುಗಿಸಿದಾಗ ನಾವು ಕರೆಂಟ್ ಕಮ್ಮಿ ಮಾಡ್ತಿರಲಿಲ್ಲ. ಪಿಡಬ್ಲ್ಯೂಎಂ ಅಂದ್ರೆ ಪೂರ್ತಿ ಕರೆಂಟನ್ನೇ ಆನ್ ಆಫ್ ಆನ್ ಆಫ್ ಮಾಡೋದು. ಊನೋದ ಹೆಚ್ಚಿನ ಪಿನ್‌ಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 490 ಸಲ. ಕಣ್ಣು ಅದನ್ನು ಸರಾಸರಿ ಮಾಡಿಕೊಂಡು "ಬೆಳಕು ಕಮ್ಮಿ ಆಯ್ತು" ಅನ್ನುತ್ತೆ. ಫೋನಿನ ಸೆನ್ಸರ್ ಹಾಗಲ್ಲ. ಅದು ಇಡೀ ಚಿತ್ರವನ್ನು ಒಂದೇ ಏಟಿಗೆ ತೆಗೆಯಲ್ಲ, ಸಾಲು ಸಾಲಾಗಿ, ಒಂದಾದ ಮೇಲೊಂದು ಓದುತ್ತೆ. ಒಂದೊಂದು ಸಾಲೂ ಬೇರೆ ಬೇರೆ ಗಳಿಗೆಯಲ್ಲಿ ಕಣ್ಣು ಬಿಟ್ಟು ಮುಚ್ಚುತ್ತೆ.

ಈಗ ಲೆಕ್ಕ ಹಾಕಿ. ನಾವಂತೂ ಇದನ್ನು ಮೆಸ್‌ನ ಟೇಬಲ್ ಮೇಲೆ ಟಿಶ್ಯೂ ಪೇಪರಿನಲ್ಲಿ ಹಾಕಿದ್ವಿ. 490 ಹರ್ಟ್ಜ್ ಅಂದ್ರೆ ಒಂದು ಸುತ್ತಿಗೆ 2.04 ಮಿಲಿಸೆಕೆಂಡ್. 40 ಶೇಕಡಾ ಅಂದ್ರೆ ಅದರಲ್ಲಿ 0.82 ಮಿಲಿಸೆಕೆಂಡ್ ಬೆಳಕು, ಉಳಿದಿದ್ದು ಕತ್ತಲೆ. ಶಟರ್ 1/200 ಅಂದ್ರೆ 5 ಮಿಲಿಸೆಕೆಂಡ್, ಅಂದ್ರೆ ಹತ್ತಿರ ಹತ್ತಿರ ಎರಡೂವರೆ ಸುತ್ತು. ಸರಿಯಾದ ಗಳಿಗೆಯಲ್ಲಿ ಕಣ್ಣು ಬಿಟ್ಟ ಸಾಲಿಗೆ ಮೂರು ಮಿಂಚು ಸಿಗುತ್ತೆ, ತಡವಾಗಿ ಬಿಟ್ಟ ಸಾಲಿಗೆ ಎರಡೇ. ಮೂರಕ್ಕೆ ಎರಡು! ಪಕ್ಕದ ಪಟ್ಟಿಗಿಂತ ಮೂರನೇ ಒಂದು ಭಾಗ ಕಮ್ಮಿ ಬೆಳಕು. ಅದೇ ಅಜ್ಜಿ ಮುಖದ ಮೇಲಿನ ಕಪ್ಪು ಪಟ್ಟಿ. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೋಗೆ 490 ಸಮನಾಗಿ ಭಾಗ ಹೋಗಲ್ಲ, ಅದಕ್ಕೇ ಪಟ್ಟಿ ತೇಲ್ತಾ ಇದ್ದಿದ್ದು. ಮೊದಲು ನೋಡಿದಾಗ ಯಾಕೆ ಕಾಣಲಿಲ್ಲ? ಆಗ ನಾಬ್ ಫುಲ್ ಇತ್ತು. ಫುಲ್ ಅಂದ್ರೆ ಆಫ್ ಆಗೋದೇ ಇಲ್ಲ. ಅಜ್ಜಿಯ ಕಣ್ಣಿಗೆ ತಂಪು ಮಾಡೋಕೆ ಹೋಗಿ ಕ್ಯಾಮೆರಾ ಕಣ್ಣು ಕೆಡಿಸಿದ್ವಿ.

ಮೂರನೇದು, ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು: 350 ಯಾಕೆ? ಯಾರೂ ಕೇಳಲಿಲ್ಲ. ಡೇಟಾಶೀಟಿನಲ್ಲಿ 350 ಅಂತ ಇತ್ತು, ಹಾಕಿದ್ವಿ. ಡೇಟಾಶೀಟಿನ ಆ 350, "ಈ ಕರೆಂಟಿನಲ್ಲಿ ಅಳೆದಾಗ ಇಷ್ಟು ಬೆಳಕು ಬಂತು" ಅಂತ ಹೇಳೋ ಸಂಖ್ಯೆ. "ನೀವು ಇಷ್ಟೇ ಕೊಡಿ" ಅಂತ ಅದು ಹೇಳಿಲ್ಲ. ನಮ್ಮ ಜಗಲಿ, ನಮ್ಮ ಫೋನು, ನಮ್ಮ ಅಜ್ಜಿ ಡೇಟಾಶೀಟ್ ಬರೆದವರಿಗೆ ಗೊತ್ತಿಲ್ಲ. ಅದನ್ನು ಯೋಚಿಸಬೇಕಾದವರು ನಾವು.

ಜೇಬಿನಲ್ಲೇ ಇದೆ ಪಾಠ

ಆಮೇಲೆ ನಾವು ಫೋನಿನ ಫ್ಲ್ಯಾಶ್ ಹೇಗೆ ನಡೆಯುತ್ತೆ ಅಂತ ಹುಡುಕಿಕೊಂಡು ಹೋದ್ವಿ. ಫೋನ್ ಫ್ಲ್ಯಾಶ್‌ಗೆ ಅಂತಲೇ ಇರೋ ಡ್ರೈವರ್ ಐಸಿಗಳಿವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಲ್‌ಎಂ3644 ಅನ್ನೋದರ ಡೇಟಾಶೀಟ್ ಓದಿ, ಒಳ್ಳೇ ಕಥೆ ಪುಸ್ತಕದ ಹಾಗಿದೆ. ಅದು ಎರಡು ಎಲ್‌ಇಡಿ ನಡೆಸುತ್ತೆ. ಫ್ಲ್ಯಾಶ್‌ಗೆ ಒಂದೊಂದಕ್ಕೂ 1.5 ಆಂಪ್ ತನಕ ಕೊಡಬಹುದು. ಟಾರ್ಚ್‌ಗೆ 179 ಮಿಲಿಆಂಪ್ ತನಕ. ಒಂದೇ ಎಲ್‌ಇಡಿ, ಎರಡು ಕೆಲಸ, ಎಂಟು ಪಟ್ಟು ವ್ಯತ್ಯಾಸ.

ಯಾಕೆ ಅಂತ ನೋಡಿದ್ರೆ ಎಲ್ಲ ಅರ್ಥ ಆಗುತ್ತೆ. ಫ್ಲ್ಯಾಶ್ ಒಂದು ಕ್ಷಣದ ಕೆಲಸ. ಸಾಫ್ಟ್‌ವೇರ್ ಆಫ್ ಮಾಡೋದು ಮರೆತ್ರೂ ಅರ್ಧ ಸೆಕೆಂಡಿನೊಳಗೆ ಐಸಿ ತಾನೇ ಆಫ್ ಮಾಡುತ್ತೆ. 1.5 ಆಂಪ್ ಅಂದ್ರೆ ಒಂದು ಪುಟ್ಟ ಎಲ್‌ಇಡಿಯಲ್ಲಿ ಸುಮಾರು 5 ವಾಟ್. ಅದನ್ನು ಹಾಗೇ ಬಿಟ್ರೆ ಸುಟ್ಟು ಹೋಗುತ್ತೆ. ಟಾರ್ಚ್ ಬಹಳ ಹೊತ್ತು ಉರಿಯಬೇಕು, ಅದಕ್ಕೆ ಅರ್ಧ ವಾಟಿನ ಸುತ್ತಮುತ್ತ ಸಾಕು. ಅಲ್ಲಿಗೇ ಮುಗಿಯಲ್ಲ. ಆ ಐಸಿ ಬ್ಯಾಟರಿ ವೋಲ್ಟೇಜ್ ಮೇಲೂ ಕಣ್ಣಿಟ್ಟಿರುತ್ತೆ, ತುಂಬಾ ಕುಸಿದ್ರೆ ಫ್ಲ್ಯಾಶ್ ಕರೆಂಟ್ ತಡೆಯುತ್ತೆ, ಇಲ್ಲಾಂದ್ರೆ ಫೋನೇ ಆಫ್ ಆದೀತು. ಅದಕ್ಕೆ ಇನ್ನೊಂದು ಪಿನ್ ಇದೆ: ಅದೇ ಹೊತ್ತಿಗೆ ಫೋನಿನ ರೇಡಿಯೋ ಸಿಗ್ನಲ್ ಕಳಿಸೋಕೆ ಜೋರಾಗಿ ಬ್ಯಾಟರಿ ಎಳೀತಿದ್ರೆ, ಫ್ಲ್ಯಾಶ್ ತನ್ನ ಕರೆಂಟನ್ನು ಟಾರ್ಚ್ ಮಟ್ಟಕ್ಕೆ ಇಳಿಸಿಕೊಂಡು ದಾರಿ ಬಿಡುತ್ತೆ.

ನೋಡಿ, ಒಂದು ಸಂಖ್ಯೆ ಇಡೋಕೆ ಎಷ್ಟು ಜನರ ಮಾತು ಕೇಳಬೇಕು: ಕ್ಯಾಮೆರಾ, ಶಾಖ, ಬ್ಯಾಟರಿ, ರೇಡಿಯೋ, ಸಮಯ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ, ಫೋನ್ ಸಪೋರ್ಟ್ ಮಾಡಿದ್ರೆ, ಆ್ಯಪ್‌ಗಳು ಟಾರ್ಚಿನ ಬೆಳಕಿನ ಮಟ್ಟವನ್ನೂ ಕೇಳಬಹುದು. ನಾವು ಅಂಗೈಯಲ್ಲಿ ಹಿಡಿದುಕೊಂಡು ಓಡಾಡೋ ವಸ್ತುವಿನಲ್ಲಿ ಯಾರೋ ಇಂಜಿನಿಯರ್‌ಗಳು ಇಷ್ಟೆಲ್ಲ ಯೋಚಿಸಿದ್ದಾರೆ. ನಾವು ಇಂಜಿನಿಯರ್ ಆಗೋಕೆ ಹೊರಟವರು "330 ಓಮ್ ಹಾಕು" ಅಂತ ಬಿಟ್ಟಿದ್ದೀವಿ.

ಎರಡನೇ ಲೈಟ್

ಎಸ್‌.ಪಿ. ರೋಡ್‌ಗೆ ಹೋಗಿ ಪಿಟಿ4115 ಅನ್ನೋ ಡ್ರೈವರ್ ಐಸಿ ತಂದ್ವಿ. 6ರಿಂದ 30 ವೋಲ್ಟ್ ತಗೊಳ್ಳುತ್ತೆ, ಒಳಗೆ ಬರೋ ವೋಲ್ಟೇಜ್ ಏರಲಿ ಇಳಿಯಲಿ, ಎಲ್‌ಇಡಿಗೆ ಹೋಗೋ ಕರೆಂಟನ್ನು ಹಿಡಿದಿಡುತ್ತೆ. ಎಷ್ಟು ಹಿಡಿಯಬೇಕು ಅನ್ನೋದನ್ನು ಒಂದೇ ಒಂದು ಪುಟ್ಟ ರೆಸಿಸ್ಟರ್ ಹೇಳುತ್ತೆ. 0.1 ಅನ್ನು ಆ ರೆಸಿಸ್ಟರಿನ ಓಮ್‌ನಿಂದ ಭಾಗಿಸಿದ್ರೆ ಕರೆಂಟ್. 0.33 ಹಾಕಿದ್ರೆ 303 ಮಿಲಿಆಂಪ್, 0.5 ಹಾಕಿದ್ರೆ 200, 1 ಓಮ್ ಹಾಕಿದ್ರೆ 100. ನಾವು ಹಾಕಿದ್ದು 0.33, ಪ್ರತಿ ಸಾಲಿಗೂ ಒಂದೊಂದು ಡ್ರೈವರ್.

ಇದರಲ್ಲಿ ನಮಗೆ ತುಂಬಾ ಇಷ್ಟ ಆಗಿದ್ದು ಅಳೆಯೋ ರೀತಿ. ವೋಲ್ಟೇಜ್ ಅಳೆಯೋದು ಸುಲಭ, ಎರಡು ಕಡ್ಡಿ ಮುಟ್ಟಿಸಿದ್ರೆ ಆಯ್ತು. ಕರೆಂಟ್ ಅಳೆಯೋಕೆ ಸರ್ಕ್ಯೂಟ್ ಬಿಚ್ಚಿ ಮೀಟರನ್ನು ಮಧ್ಯೆ ಸೇರಿಸಬೇಕು, ಜೊತೆಗೆ ಲ್ಯಾಬಿನ ಮೀಟರ್‌ಗಳಲ್ಲಿ ಎಷ್ಟೋ ಕಡೆ ಮಿಲಿಆಂಪ್ ಫ್ಯೂಸ್ ಮೊದಲೇ ಹೋಗಿರುತ್ತೆ. ನಾವೆಲ್ಲ ವೋಲ್ಟೇಜ್ ಪಾರ್ಟಿ ಸೇರಿದ್ದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತೆ. ಇಲ್ಲಿ ಹಾಗಿಲ್ಲ. ಆ ಪುಟ್ಟ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಮುಟ್ಟಿಸಿ, 100 ಮಿಲಿವೋಲ್ಟ್ ತೋರಿಸಿದ್ರೆ ನೀವು ಕೇಳಿದ ಕರೆಂಟ್ ಹರೀತಿದೆ ಅಂತ.

ಬೆಳಕು ಇಳಿಸೋಕೆ ಅದರ ಡಿಮ್ ಪಿನ್‌ಗೆ ಪಿಡಬ್ಲ್ಯೂಎಂ ಕೊಡಬಹುದು, ಇಲ್ಲಾ ಬರೀ ಡಿಸಿ ವೋಲ್ಟೇಜ್ ಕೊಡಬಹುದು. ನಾವು ಡಿಸಿ ಕೊಟ್ವಿ. 2.5 ವೋಲ್ಟ್ ಅಂದ್ರೆ ಪೂರ್ತಿ, 1 ವೋಲ್ಟ್ ಅಂದ್ರೆ 40 ಶೇಕಡಾ, ಅಂದ್ರೆ ಸುಮಾರು 120 ಮಿಲಿಆಂಪ್. ಈಗ ನಾಬ್ ತಿರುಗಿಸಿದ್ರೆ ನಿಜವಾಗಿ ಕರೆಂಟೇ ಕಮ್ಮಿ ಆಗುತ್ತೆ. ಐಸಿ ಒಳಗೊಳಗೆ ಸ್ವಿಚ್ ಆಗ್ತಾನೇ ಇರುತ್ತೆ, ಆದ್ರೆ ಅದು ಎಷ್ಟು ವೇಗ ಅಂದ್ರೆ, ಮಧ್ಯೆ ಒಂದು ಇಂಡಕ್ಟರೂ ಇರೋದ್ರಿಂದ, ಬೆಳಕು ಆರೋದೇ ಇಲ್ಲ. ಶಟರ್ ಎಷ್ಟು ಇಟ್ರೂ ಪಟ್ಟಿ ಇಲ್ಲ.

ಕೊನೆಗೆ 120 ಮಿಲಿಆಂಪ್ ಸಾಕಾಗಿದ್ದು ಹೇಗೆ? ಇಲ್ಲೇ ನಿರ್ಧಾರ ಅನ್ನೋದು ಬರೋದು. ಮೊದಲ ಸಲ ಲೈಟ್ ಒಂದು ಮೀಟರ್ ದೂರ ಇತ್ತು. ಅದನ್ನು 70 ಸೆಂಟಿಮೀಟರ್‌ಗೆ ತಂದ್ರೆ ಮುಖದ ಮೇಲೆ ಬೀಳೋ ಬೆಳಕು ಎರಡು ಪಟ್ಟು ಆಗುತ್ತೆ, ದೂರದ ವರ್ಗದ ಲೆಕ್ಕ, ಪಿಯುಸಿಯಲ್ಲಿ ಓದಿದ್ದೇ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಒಂದು ಮಿಲಿಆಂಪ್ ಹೆಚ್ಚಿಗೆ ಬೇಡ. ಅದೇ ಎರಡು ಪಟ್ಟನ್ನು ಕರೆಂಟಿಂದ ತರೋಕೆ ಹೋದ್ರೆ ಕರೆಂಟ್ ಎರಡು ಪಟ್ಟು ಮಾಡಿದ್ರೂ ಸಾಲಲ್ಲ, ಯಾಕಂದ್ರೆ ಕರೆಂಟ್ ಏರಿದ ಹಾಗೆ ಎಲ್‌ಇಡಿಯ ದಕ್ಷತೆ ಇಳಿಯುತ್ತೆ. ಬೆಳಕು ಎರಡು ಪಟ್ಟಿಗಿಂತ ಕಮ್ಮಿ, ಶಾಖ ಎರಡು ಪಟ್ಟಿಗಿಂತ ಜಾಸ್ತಿ. ಆಮೇಲೆ ಶಟರ್ ಅನ್ನು 1/200ರಿಂದ 1/50ಕ್ಕೆ ಇಳಿಸಿದ್ವಿ, ಅಲ್ಲಿ ನಾಲ್ಕು ಪಟ್ಟು ಬೆಳಕು ಪುಕ್ಕಟೆ. ನಮ್ಮಲ್ಲಿ ಮೇನ್ಸ್ 50 ಹರ್ಟ್ಜ್, ಅದರಲ್ಲಿ ಉರಿಯೋ ಬಲ್ಬು ಮಿನುಗಿದ್ರೆ ಸೆಕೆಂಡಿಗೆ 100 ಸಲ ಮಿನುಗುತ್ತೆ. 1/50 ಅಥವಾ 1/100 ಇಟ್ರೆ ಮನೆಯ ಬಲ್ಬಿನ ಪಟ್ಟಿಯೂ ಬರಲ್ಲ. ಮುಂದೆ ಒಂದು ಬಟರ್ ಪೇಪರ್ ಅಂಟಿಸಿ ಕಣ್ಣಿಗೆ ಚುಚ್ಚದ ಹಾಗೆ ಮಾಡಿದ್ವಿ. ಐಎಸ್‌ಒ 400ರ ಆಸುಪಾಸಿನಲ್ಲಿ ಮುಖ ಚೆನ್ನಾಗಿ ಬಂತು. ಅಲ್ಯೂಮಿನಿಯಂ ತಟ್ಟೆಯನ್ನು ಎಷ್ಟು ಹೊತ್ತು ಬೇಕಾದ್ರೂ ಮುಟ್ಟಿಕೊಂಡು ಕೂರಬಹುದಿತ್ತು. ಮೊದಲ ಲೈಟಿನ ತಟ್ಟೆ ಮೇಲೆ ಬೆರಳು ಇಡೋಕಾಗ್ತಿರಲಿಲ್ಲ.

ಅಂದ್ರೆ ಪ್ರಶ್ನೆ ಶುರುವಾಗಬೇಕಾಗಿದ್ದು ಮುಖದಿಂದ. ಎದುರಿಗೆ ಕೂತವರ ಕಣ್ಣು ಎಷ್ಟು ತಡೆಯುತ್ತೆ, ಲೈಟ್ ಎಷ್ಟು ಹತ್ತಿರ ಬರಬಹುದು, ಶಟರ್ ಎಷ್ಟು. ಇಷ್ಟು ಆದ ಮೇಲೆ ಕರೆಂಟ್, ಆಮೇಲೆ ಶಾಖ, ಕಟ್ಟಕಡೆಗೆ ರೆಸಿಸ್ಟರ್. ನಾವು ಶುರು ಮಾಡಿದ್ದೇ ರೆಸಿಸ್ಟರಿಂದ.

ಬತ್ತಿಯ ಮಾತು

ಸಂಕ್ರಾಂತಿಗೆ ಮತ್ತೆ ಹೋದ್ವಿ. ಅಜ್ಜಿ ಕೇಳಿದ್ರು: "ಆವತ್ತೇ ಹಾಡಿದ್ನಲ್ರಪ್ಪ, ಅದೇನಾಯ್ತು?" ನಮ್ಮ ಕಷ್ಟ ಅಲ್ಲಿ ಶುರುವಾಯ್ತು. ನಾಲ್ಕು ಜನವೂ ಇಂಗ್ಲಿಷ್ ಮೀಡಿಯಂ. ಪಿಡಬ್ಲ್ಯೂಎಂ, ರೋಲಿಂಗ್ ಶಟರ್ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಅರ್ಥ ಆಯ್ತು ಅಂದುಕೊಂಡಿದ್ವಿ. ಆ ಪದಗಳನ್ನು ತೆಗೆದಿಟ್ಟು ಹೇಳು ಅಂದ್ರೆ ಬಾಯಿ ಕಟ್ಟಿತು. ಕೊನೆಗೆ ಮೊಮ್ಮಗನೇ ಹೇಳಿದ: "ಅಜ್ಜಿ, ನಿನ್ ಕಣ್ಣಿಗೆ ಜಾಸ್ತಿ ಆಯ್ತು ಅಂದ್ಯಲ್ಲ, ಕಮ್ಮಿ ಮಾಡಕ್ಕೆ ಅಂತ ದೀಪನ ಬಿರ್‍ರನೆ ಆರ್ಸಿ ಹತ್ಸಿ, ಆರ್ಸಿ ಹತ್ಸಿ ಮಾಡ್ತಿದ್ವಿ. ನಮ್ಗೆ ಕಾಣ್ಲಿಲ್ಲ, ಫೋನಿಗೆ ಕಾಣ್ತು."

ಅಜ್ಜಿ ಒಂದು ಗಳಿಗೆ ಅವನ ಮುಖ ನೋಡಿದ್ರು. "ಅಲ್ಲ ಕಣ್ಲಾ, ಲಾಟೀನ್ ಬೆಳಕು ಜಾಸ್ತಿ ಆದ್ರೆ ಬತ್ತಿ ಇಳಿಸ್ತಾರೆ. ಆರ್ಸಿ ಆರ್ಸಿ ಹತ್ತಿಸ್ತಾರಾ?"

ನಾವು ಎರಡು ತಿಂಗಳು ಓದಿ ತಿಳ್ಕೊಂಡಿದ್ದು ಅದೇ. ಮೊದಲ ಲೈಟಿನಲ್ಲಿ ಆರಿಸಿ ಹತ್ತಿಸ್ತಿದ್ವಿ, ಎರಡನೇದರಲ್ಲಿ ಬತ್ತಿ ಇಳಿಸಿದ್ವಿ. ಕ್ಲಬ್‌ನಲ್ಲಿ ಜೂನಿಯರ್‌ಗಳಿಗೆ ಈಗ ಹೀಗೇ ಹೇಳಿಕೊಡ್ತೀವಿ, ಒಂದೇ ಸಲಕ್ಕೆ ಅರ್ಥ ಆಗುತ್ತೆ.

ಅಜ್ಜಿ ಮತ್ತೆ ಹಾಡಿದ್ರು, ಈ ಸಲ ಕಣ್ಣು ಬಿಟ್ಕೊಂಡು. ಮೂರು ಹಾಡು ಸಿಕ್ಕಿತು, ಮುಖ ಸ್ಪಷ್ಟವಾಗಿ ಬಂದಿದೆ. ಮೊದಲ ಸಲದ ಹಾಡು ಮಾತ್ರ ಬರಲಿಲ್ಲ. ಎರಡು ಸಾಲು ಹೇಳಿ ನಿಲ್ಲಿಸಿಬಿಟ್ರು. "ಆವತ್ತು ಬಂದಿತ್ತು, ಇವತ್ತು ಬರ್ತಿಲ್ಲ ಕಣ್ರಪ್ಪ" ಅಂದ್ರು. ನಾವು ಒತ್ತಾಯ ಮಾಡಲಿಲ್ಲ.

ಹಾಗಾದ್ರೆ ಏನು ಮಾಡಬೇಕು

ಇದನ್ನು ಹೇಳಿದಾಗ ಬರೋ ಮೊದಲ ಮಾತು: "ಒಂದು ರಿಂಗ್ ಲೈಟ್ ಕೊಂಡ್ರೆ ಆಯ್ತಲ್ಲ ಗುರೂ." ಕೊಳ್ಳಿ, ಬೇಡ ಅನ್ನಲ್ಲ. ಕೊಂಡ ಮೇಲೆ ಒಂದು ಕೆಲಸ ಮಾಡಿ. ಅದರ ಬೆಳಕನ್ನು ಪೂರ್ತಿ ಇಳಿಸಿ, ಫೋನಿನ ಶಟರ್ ಅನ್ನು 1/1000ಕ್ಕೆ ಇಟ್ಟು, ಅದರ ಬೆಳಕು ಬಿದ್ದ ಬಿಳಿ ಗೋಡೆಯನ್ನು ಹತ್ತಿರದಿಂದ ನೋಡಿ. ಪಟ್ಟಿ ಕಂಡ್ರೆ ಅದೂ ಆರಿಸಿ ಹತ್ತಿಸೋ ಜಾತಿಯದ್ದೇ. ದುಡ್ಡು ಕೊಟ್ಟು ತಂದ ಮಾತ್ರಕ್ಕೆ ಪ್ರಶ್ನೆ ತಪ್ಪಲ್ಲ.

ಎರಡನೇ ಮಾತು ಓದಿಕೊಂಡವರದ್ದು: "ಕರೆಂಟ್ ಬದಲಾಯಿಸಿದ್ರೆ ಎಲ್‌ಇಡಿಯ ಬಣ್ಣ ಸ್ವಲ್ಪ ಬದಲಾಗುತ್ತೆ, ಪಿಡಬ್ಲ್ಯೂಎಂನಲ್ಲಿ ಹಾಗಾಗಲ್ಲ." ನಿಜ, ಒಪ್ಪಿಕೊಳ್ತೀವಿ. ಬಿಳಿ ಎಲ್‌ಇಡಿ ಅಂದ್ರೆ ನೀಲಿ ಎಲ್‌ಇಡಿ ಮೇಲೆ ಹಳದಿ ಫಾಸ್ಫರ್ ಹಚ್ಚಿದ್ದು, 2014ರ ಭೌತಶಾಸ್ತ್ರದ ನೊಬೆಲ್ ಬಂದಿದ್ದು ಆ ನೀಲಿ ಎಲ್‌ಇಡಿಗೇ. ಕರೆಂಟ್ ಬದಲಾದ್ರೆ ಆ ಬಿಳುಪು ಒಂಚೂರು ಆ ಕಡೆ ಈ ಕಡೆ ಆಗುತ್ತೆ. ಆದ್ರೆ ನಾವು ರೆಕಾರ್ಡ್ ಮಾಡೋವಾಗ ಒಮ್ಮೆ ಇಟ್ಟ ಕರೆಂಟ್ ಬದಲಾಯಿಸಲ್ಲ, ವೈಟ್ ಬ್ಯಾಲೆನ್ಸ್ ಅಲ್ಲೇ ಲಾಕ್ ಮಾಡಿದ್ರೆ ಮುಗೀತು. ಪಿಡಬ್ಲ್ಯೂಎಂ ಬೇಕೇ ಬೇಕು ಅಂದ್ರೆ 20 ಕಿಲೋಹರ್ಟ್ಜ್‌ನಲ್ಲಿ ಓಡಿಸಿ. ಆಗ 1/200 ಶಟರಿಗೆ 100 ಮಿಂಚು ಬೀಳುತ್ತೆ, ಒಂದು ಹೆಚ್ಚು ಕಮ್ಮಿ ಆದ್ರೂ ಒಂದು ಶೇಕಡಾ ವ್ಯತ್ಯಾಸ, ಯಾರಿಗೂ ಕಾಣಲ್ಲ. ನಮ್ಮ ಜಗಳ ಪಿಡಬ್ಲ್ಯೂಎಂ ಜೊತೆ ಅಲ್ಲ, ಯೋಚಿಸದೆ ಹಾಕೋದರ ಜೊತೆ.

ಮೂರನೇದು ಮೇಷ್ಟ್ರುಗಳು ಹೇಳಬಹುದಾದ ಮಾತು: ಸಿಲಬಸ್‌ನಲ್ಲಿ ಜಾಗ ಎಲ್ಲಿದೆ? ಸರ್, ಮೇಡಂ, ಜಾಗ ಆಗಲೇ ಇದೆ. ಡಯೋಡ್ ಕ್ಯಾರೆಕ್ಟರಿಸ್ಟಿಕ್ಸ್ ಅಂತ ಒಂದು ಪ್ರಯೋಗ ನಾವೆಲ್ಲ ಮಾಡಿದ್ದೀವಿ. ವೋಲ್ಟೇಜ್ ಸ್ವಲ್ಪ ಸ್ವಲ್ಪ ಏರಿಸಿ, ಕರೆಂಟ್ ಬರೆದುಕೊಂಡು, ಗ್ರಾಫ್ ಶೀಟಿನಲ್ಲಿ ಗೆರೆ ಎಳೆದು, ನೀ ವೋಲ್ಟೇಜ್ ಗುರುತು ಮಾಡಿ ಸಹಿ ಹಾಕಿಸಿಕೊಂಡ್ವಿ. ಅಷ್ಟು ಹೊತ್ತು ಮಲಗಿದ್ದ ಗೆರೆ ಅಲ್ಲಿಂದ ಮುಂದೆ ಗೋಡೆ ಹತ್ತಿದ ಹಾಗೆ ಏರುತ್ತಲ್ಲ, ಅದರ ಅರ್ಥ ಏನು ಅಂತ ಯಾರೂ ಕೇಳಲಿಲ್ಲ. ವೋಲ್ಟೇಜ್ ಹಿಡಿದು ಇದನ್ನು ನಡೆಸೋಕೆ ಹೋಗಬೇಡ, ಕರೆಂಟ್ ಹಿಡಿ, ಅಂತಲೇ ಆ ಗೆರೆ ಹೇಳ್ತಿರೋದು. ಅಜ್ಜಿಯ ಹಾಡನ್ನು ಉಳಿಸಬಹುದಾಗಿದ್ದ ಪಾಠ ನಮ್ಮ ರೆಕಾರ್ಡ್ ಪುಸ್ತಕದಲ್ಲೇ ಇತ್ತು, ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಸಮೇತ.

ಅದಕ್ಕೆ ನಮ್ಮ ಬೇಡಿಕೆ ಚಿಕ್ಕದು. ಆ ಪ್ರಯೋಗಕ್ಕೆ ಒಂದೇ ಒಂದು ತರಗತಿ ಸೇರಿಸಿ. ಪ್ರತಿ ಬ್ಯಾಚಿಗೆ ಒಂದು ಬಿಳಿ ಎಲ್‌ಇಡಿ, ಒಂದು ಡ್ರೈವರ್, ಮೂರು ಬೇರೆ ಬೇರೆ ರೆಸಿಸ್ಟರ್ ಕೊಡಿ. ಎದುರಿಗೆ ಒಬ್ಬರನ್ನು ಕೂರಿಸಿ ಫೋನಿನಲ್ಲಿ ಫೋಟೋ ತೆಗೆಯೋಕೆ ಹೇಳಿ. ಎಷ್ಟು ಕರೆಂಟ್ ಇಟ್ಟೆ, ಯಾಕೆ ಅಷ್ಟೇ ಇಟ್ಟೆ ಅಂತ ಅರ್ಧ ಪುಟ ಬರೆಸಿ. ಕನ್ನಡದಲ್ಲಿ ಬರೆದ್ರೂ ತಗೊಳ್ಳಿ. ವೈವಾದಲ್ಲಿ "ಕರೆಂಟ್ ಅಂದ್ರೇನು" ಅಂತ ಕೇಳಬೇಡಿ, ಅದನ್ನು ಎಲ್ಲರೂ ಬಾಯಿಪಾಠ ಮಾಡಿರ್ತೀವಿ. "ಇಷ್ಟೇ ಯಾಕೆ" ಅಂತ ಕೇಳಿ. ಎರಡು ಬ್ಯಾಚ್ ಎರಡು ಬೇರೆ ಸಂಖ್ಯೆ ಇಟ್ಟು ಎರಡೂ ಸರಿ ಇರಬಹುದು. ಹಾಗೆ ಎರಡು ಸರಿ ಉತ್ತರ ಇರೋ ಪ್ರಯೋಗವನ್ನು ನಾವು ಇನ್ನೂ ಒಂದೂ ಮಾಡಿಲ್ಲ.

ಅಲ್ಲಿಯವರೆಗೆ ನಮ್ಮ ಲೈಟ್ ಕ್ಲಬ್ ರೂಮಿನ ಬೀರುವಿನಲ್ಲಿದೆ. ಯಾರು ಬೇಕಾದ್ರೂ ತಗೊಂಡು ಹೋಗಿ, ನಿಮ್ಮ ಊರಿನ ಅಜ್ಜ ಅಜ್ಜಿಯರನ್ನು ರೆಕಾರ್ಡ್ ಮಾಡಿಕೊಂಡು ಬನ್ನಿ. ಹಿಂದುಗಡೆ ಒಂದು ಚೀಟಿ ಅಂಟಿಸಿದ್ದೀವಿ: ಪ್ರತಿ ಸಾಲಿಗೆ 120 ಮಿಲಿಆಂಪ್, ಮುಖದಿಂದ 70 ಸೆಂಟಿಮೀಟರ್, ಶಟರ್ 1/50. ಕೆಳಗೆ ಜಾಗ ಬಿಟ್ಟಿದ್ದೀವಿ. ನೀವು ಬದಲಾಯಿಸಿದ್ರೆ ಎಷ್ಟಕ್ಕೆ, ಯಾಕೆ ಅಂತ ಅಲ್ಲಿ ಬರೀರಿ. ರೆಕಾರ್ಡ್ ಒತ್ತಿದ ಮೇಲೆ ಒಂದು ಸಲ ಫೋನಿನ ಕಡೆಗೂ ತಿರುಗಿ ನೋಡಿ.